ಘಾಟಿ ಇಳಿಯುವ ಮಾಡೆಲ್ ಟಿ: ತೋಟದ ಶೆಡ್ಡಿನಲ್ಲಿ ನಿಂತ ಟೂರಿಂಗ್ ಕಾರನ್ನು ರಸ್ತೆಗೆ ತರುವ ಕ್ರಮ

ಕಾಫಿ ತೋಟದ ಗೋಡೌನಿನ ಮೂಲೆಯಲ್ಲಿ, ತುಕ್ಕು ಹಿಡಿದ ಪಲ್ಪರಿನ ಪಕ್ಕ, ಗೋಣಿಚೀಲಗಳ ಅಡಿಯಲ್ಲಿ ಒಂದು ಹಳೇ ಟೂರಿಂಗ್ ಕಾರು ಇದೆ ಅನ್ನಿ. ಅದನ್ನು ಕಂಡವರೆಲ್ಲ ಮೊದಲು ಮಾಡುವುದು ಒಂದೇ ಕೆಲಸ: ಪ್ಲಗ್ ಬಿಚ್ಚಿ, ಚೂರು ಪೆಟ್ರೋಲ್ ಹೊಯ್ದು, ಹ್ಯಾಂಡಲ್ ತಿರುಗಿಸಿ ಎಂಜಿನ್ನಿನ ಸದ್ದು ಕೇಳುವುದು. ಬಯಲುಸೀಮೆಯಲ್ಲಾದರೆ ನಡೆದೀತು. ಕೊಡಗಿನಲ್ಲಿ ತೋಟದ ಗೇಟು ದಾಟಿದರೆ ಇಳಿಜಾರು. ಇಲ್ಲಿ ಕೆಲಸ ಹಿಂದಿನಿಂದ ಮುಂದಕ್ಕೆ ಬರಬೇಕು: ಮೊದಲು ಹಿಂದಿನ ಆಕ್ಸಲ್, ಆಮೇಲೆ ಬ್ರೇಕು, ಚಕ್ರ, ಸ್ಟೀರಿಂಗು, ಎಲ್ಲಕ್ಕೂ ಕೊನೆಗೆ ಎಂಜಿನ್. ಮಾಡೆಲ್ ಟಿ ಎಂಜಿನ್ ಹಠಮಾರಿಯಲ್ಲ, ಹೇಗೋ ಹೊತ್ತಿಕೊಳ್ಳುತ್ತದೆ. ನಿಲ್ಲಿಸುವುದೇ ಕಷ್ಟ.

ಇಲ್ಲಿ ಹೇಳುತ್ತಿರುವುದು ಫೋರ್ಡ್ ಮಾಡೆಲ್ ಟಿ ಟೂರಿಂಗ್ ಬಗ್ಗೆ. 1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಹೆಚ್ಚು ತಯಾರಾದ ಕಾರು ಇದು. ನಮ್ಮ ಕಡೆಗೆ ಬೇಕಾದ ಬಲಗೈ ಸ್ಟೀರಿಂಗಿನ ಕಾರುಗಳು ಕೆನಡಾದ ಫೋರ್ಡ್ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದವು. ಟೂರಿಂಗ್ ಎಂದರೆ ಐದು ಜನ ಕೂರುವ ತೆರೆದ ಬಾಡಿ, ಮಡಚುವ ಟಾಪು, ಪಕ್ಕಕ್ಕೆ ಗಾಜಿಲ್ಲ, ಮಳೆ ಬಂದರೆ ಗುಂಡಿ ಹಾಕಿ ಕಟ್ಟುವ ಪರದೆ. ನಿಮ್ಮದು ಆ ಕಾಲದ ಷೆವರ್ಲೆಯೋ ಡಾಡ್ಜೋ ಆಗಿದ್ದರೆ ಗೇರು, ಬ್ರೇಕಿನ ಮಾತು ಬೇರೆ. ಆದರೆ ಚಕ್ರ, ಮರ, ಟ್ಯಾಂಕು, ಮಳೆಗಾಲದ ಮಾತು ಅದಕ್ಕೂ ಸಲ್ಲುತ್ತದೆ.

ಕಾರು ಯಾವ ಕಾಲದ್ದೆಂದು ಮೊದಲು ಗೊತ್ತಾಗಬೇಕು, ಏಕೆಂದರೆ ಬಿಡಿಭಾಗ ತರಿಸುವುದು ಅದರ ಮೇಲೆಯೇ. ರೇಡಿಯೇಟರಿನ ಹೊರಮೈ ಹಿತ್ತಾಳೆಯಾದರೆ 1916ರ ಮಾಡೆಲ್ ಅಥವಾ ಅದಕ್ಕೂ ಹಿಂದಿನದು. ಕಪ್ಪು ಬಣ್ಣದ ತಗಡಿನದಾದರೆ 1917 ಅಥವಾ ಆಮೇಲಿನದು. ಪೆಟ್ರೋಲ್ ಟ್ಯಾಂಕು ಮುಂದಿನ ಸೀಟಿನಡಿ ಇಲ್ಲದೆ ಡ್ಯಾಶ್‌ಬೋರ್ಡಿನ ಮುಂದಿದ್ದರೆ 1926–27ರದು. ಎಂಜಿನ್ ನಂಬರು ಬ್ಲಾಕಿನ ಎಡಮಗ್ಗುಲಲ್ಲಿ, ನೀರು ಒಳಹೋಗುವ ಕೊಳವೆಯ ಮೇಲ್ಗಡೆ ಇರುತ್ತದೆ. ಗ್ರೀಸು ಒರೆಸಿ, ಅದರ ಮೇಲೆ ಸೀಮೆಸುಣ್ಣ ಉಜ್ಜಿದರೆ ಅಂಕಿಗಳು ಎದ್ದು ಕಾಣುತ್ತವೆ.

ಹಿಂದಿನ ಆಕ್ಸಲ್

ಇದೊಂದನ್ನು ಮಾತ್ರ ತಪ್ಪಿಸಬೇಡಿ. ಮಾಡೆಲ್ ಟಿಯ ಡಿಫರೆನ್ಷಿಯಲ್ಲಿನಲ್ಲಿ, ಅಂದರೆ ಆಕ್ಸಲ್ಲಿನ ನಡುವಿನ ಗೇರುಗಳ ಗುಂಪಿನಲ್ಲಿ, ಎರಡೂ ಪಕ್ಕ ಒತ್ತಡ ತಡೆಯುವ ವಾಷರುಗಳಿವೆ. ಕಾರ್ಖಾನೆಯಿಂದ ಬಂದವು ಬ್ಯಾಬಿಟ್ ಎಂಬ ಮೆತ್ತನೆ ಬಿಳಿ ಲೋಹದವು. ನೂರು ವರ್ಷದಲ್ಲಿ ಈ ಲೋಹ ಬಿರುಕುಬಿಟ್ಟು, ಒಣಗಿದ ಸುಣ್ಣದಂತೆ ಪುಡಿಯಾಗುತ್ತದೆ. ವಾಷರ್ ಪುಡಿಯಾದರೆ ದೊಡ್ಡ ಹಲ್ಲುಚಕ್ರ ಪಕ್ಕಕ್ಕೆ ಸರಿದು, ಅದನ್ನು ತಿರುಗಿಸುವ ಸಣ್ಣ ಹಲ್ಲುಚಕ್ರವಾದ ಪಿನಿಯನ್ನಿನ ಹಿಡಿತದಿಂದ ಕಳಚಿಕೊಳ್ಳುತ್ತದೆ. ಈ ಕಾರಿನ ಕಾಲುಬ್ರೇಕು ಇರುವುದು ಚಕ್ರದಲ್ಲಲ್ಲ, ಎಂಜಿನ್ ಹಿಂದಿನ ಗೇರ್‌ಪೆಟ್ಟಿಗೆಯಲ್ಲಿ. ಹಲ್ಲುಗಳ ಹಿಡಿತ ತಪ್ಪಿದ ಕ್ಷಣಕ್ಕೆ ಎಂಜಿನ್ನಿನ ಎಳೆತವೂ ಹೋಯಿತು, ಬ್ರೇಕೂ ಹೋಯಿತು. ಸಂಪಾಜೆ ಘಾಟಿಯ ನಡುವೆ ಹಾಗಾದರೆ ಉಳಿಯುವುದು ಕೈಬ್ರೇಕು ಒಂದೇ. ಅದರ ಯೋಗ್ಯತೆ ಎಷ್ಟೆಂದು ಮುಂದೆ ಹೇಳುತ್ತೇವೆ.

ಹೊರಗಿನಿಂದ ನೋಡಿ ಈ ವಾಷರುಗಳ ಸ್ಥಿತಿ ಹೇಳಲಾಗದು. ಆಕ್ಸಲ್ಲಿನ ಎಣ್ಣೆ ಬಸಿದಾಗ ಬೂದುಬಣ್ಣದ ಕೆಸರೋ ಬೆಳ್ಳಿಯಂತೆ ಮಿನುಗುವ ಚೂರುಗಳೋ ಬಂದರೆ ವಾಷರ್ ಆಗಲೇ ಹೋಗಿದೆ. ಬರದಿದ್ದರೆ ಚೆನ್ನಾಗಿದೆ ಎಂದರ್ಥವಲ್ಲ. ಆಕ್ಸಲ್ ಪೂರ್ತಿ ಇಳಿಸಿ, ಎರಡು ಹೋಳು ಮಾಡಿ, ಎಲ್ಲ ವಾಷರುಗಳನ್ನೂ ಕಂಚಿನವುಗಳಿಗೆ ಬದಲಿಸಿ. ಸೆಟ್ಟಾಗಿಯೇ ವಿದೇಶದಿಂದ ತರಿಸಬಹುದು. ಲೇತ್ ಕೆಲಸ ಬಲ್ಲ ಟರ್ನರ್ ಹಳೆಯದರ ಅಳತೆ ಹಿಡಿದು ಮಾಡಿಕೊಟ್ಟಾನು, ಆದರೆ ಅವನ ಕೈಗೆ ಕೊಡುವ ಕಂಚು ಬೇರಿಂಗಿಗೆಂದೇ ಇರುವ ಒಳ್ಳೆಯ ಮಾಲಾಗಿರಲಿ. ಹಳೆ ನಲ್ಲಿ ಕರಗಿಸಿ ಎರಕ ಹೊಯ್ದ ಹಿತ್ತಾಳೆ ಬೇಡ. ವಾಷರ್ ತಿರುಗದಂತೆ ಹಿಡಿಯುವ ಪಿನ್ನುಗಳು ಗಟ್ಟಿಯಾಗಿವೆಯೇ, ಅವುಗಳ ತಲೆ ವಾಷರಿನ ಮೈಗಿಂತ ಮೇಲೆದ್ದಿಲ್ಲವೇ ಎಂದು ನೋಡಿ ಕೂರಿಸಿ. ಆಕ್ಸಲ್ ಬಿಚ್ಚಿದಾಗಲೇ ಪಿನಿಯನ್ ಬೇರಿಂಗು, ಎರಡೂ ತುದಿಯ ಎಣ್ಣೆ ಸೀಲುಗಳ ಕೆಲಸವನ್ನೂ ಮುಗಿಸಿಬಿಡಿ. ಸೀಲು ಸೋರಿದರೆ ಎಣ್ಣೆ ನೇರ ಕೈಬ್ರೇಕಿನ ಡ್ರಮ್ಮಿಗೆ ಇಳಿಯುತ್ತದೆ.

ಮತ್ತೆ ಜೋಡಿಸುವಾಗ ಹಿಂದಿನ ಚಕ್ರದ ಹಬ್ಬು ಆಕ್ಸಲ್ಲಿನ ಮೊನಚು ತುದಿಯ ಮೇಲೆ, ಒಂದು ಕೀಲಿಯ ಸಹಿತ, ಕೂರುತ್ತದೆ. ಎರಡೂ ಮೈ ಎಣ್ಣೆಯಿಲ್ಲದೆ ಒಣಗಿರಬೇಕು. ನಟ್ಟು ಬಿಗಿದು ಸ್ಪ್ಲಿಟ್ ಪಿನ್ ಹಾಕಿ. 50 ಕಿ.ಮೀ. ಓಡಿದ ಮೇಲೆ ಪಿನ್ ತೆಗೆದು ಮತ್ತೆ ಬಿಗಿಯಿರಿ, ಖಂಡಿತ ಅರ್ಧ ಸುತ್ತಾದರೂ ಬರುತ್ತದೆ. ಸಡಿಲ ಬಿಟ್ಟರೆ ಕೀಲಿ ತುಂಡಾಗುತ್ತದೆ, ಫಲ ಮೊದಲಿನದೇ: ಎಳೆತವೂ ಇಲ್ಲ, ಬ್ರೇಕೂ ಇಲ್ಲ.

ಬ್ರೇಕು, ಪೆಡಲು

ಮಾಡೆಲ್ ಟಿಯಲ್ಲಿ ಮೂರು ಪೆಡಲು. ಎಡಗಡೆಯದು ಪೂರ್ತಿ ಒತ್ತಿದರೆ ಸಣ್ಣ ಗೇರು, ನಡುವೆ ಹಿಡಿದರೆ ನ್ಯೂಟ್ರಲ್, ಬಿಟ್ಟರೆ ದೊಡ್ಡ ಗೇರು. ನಡುವಿನದು ರಿವರ್ಸು. ಬಲಗಡೆಯದು ಬ್ರೇಕು. ಆಕ್ಸಿಲರೇಟರ್ ಕಾಲಿನಲ್ಲಿಲ್ಲ, ಸ್ಟೀರಿಂಗಿನಡಿ ಬಲಗೈ ಸನ್ನೆಯಲ್ಲಿ, ಅಂದರೆ ಪುಟ್ಟ ಲಿವರಿನಲ್ಲಿದೆ. ಎಡಗೈ ಸನ್ನೆ ಸ್ಪಾರ್ಕಿನ ಹೊತ್ತು ಹಿಂದುಮುಂದು ಮಾಡಲು. ಈಗಿನ ಕಾರು ಓಡಿಸಿ ರೂಢಿಯಾದವರು ಗಾಬರಿಯಾದಾಗ ಎಡಪೆಡಲನ್ನು ಕ್ಲಚ್ಚೆಂದು ತಳಕ್ಕೆ ತುಳಿಯುತ್ತಾರೆ. ಕಾರು ನಿಲ್ಲುವ ಬದಲು ಸಣ್ಣ ಗೇರಿನಲ್ಲಿ ಮುಂದಕ್ಕೆ ನುಗ್ಗುತ್ತದೆ. ಆದ್ದರಿಂದ ಕಾಫಿ ಕಣದಂಥ ಸಮತಟ್ಟು ಜಾಗದಲ್ಲಿ, ಮಗ್ಗುಲಲ್ಲಿ ಕಾಫಿಯಾಗಲಿ ಜನರಾಗಲಿ ಇಲ್ಲದಾಗ, ಹತ್ತಿಪ್ಪತ್ತು ಸಲ ಹೊರಟು ನಿಲ್ಲಿಸಿ ಕಾಲಿಗೆ ಪಾಠ ಮಾಡಿಸಿ.

ಮೂರೂ ಪೆಡಲು ಒಳಗೆ ಒಂದೊಂದು ಡ್ರಮ್ಮಿನ ಸುತ್ತ ಪಟ್ಟಿ ಬಿಗಿಯುತ್ತವೆ. ಹಳೆಯ ಪಟ್ಟಿಯ ಒಳಪದರ ಹತ್ತಿಯದು, ಈಗ ಕೆವ್ಲಾರ್ ಎಂಬ ಗಟ್ಟಿ ಕೃತಕ ನಾರಿನದೂ ಮರದ್ದೂ ಸಿಗುತ್ತವೆ. ಸಣ್ಣ ಗೇರಿನ ಪಟ್ಟಿಯನ್ನು ಹೊರಗಿನ ನಟ್ಟಿನಿಂದಲೇ ಬಿಗಿಯಬಹುದು. ರಿವರ್ಸಿಗೂ ಬ್ರೇಕಿಗೂ ಮೇಲಿನ ಮುಚ್ಚಳದ ಆರು ಬೋಲ್ಟು ತೆಗೆಯಬೇಕು. ತೆಗೆದ ತಕ್ಷಣ ಒಳಗೆ ಕಾಣುವ ಸಂದಿಗಳಿಗೆಲ್ಲ ಬಟ್ಟೆ ತುರುಕಿ. ಒಂದು ನಟ್ಟು ಕೆಳಗೆ ಬಿದ್ದರೆ ಫ್ಲೈವೀಲಿನ ಅಯಸ್ಕಾಂತಗಳಿಗೆ ಅಂಟಿಕೊಂಡು, ಮುಂದೆ ಎಂಜಿನ್ ತಿರುಗಿಸಿದಾಗ, ಸ್ಪಾರ್ಕಿಗೆ ಕರೆಂಟು ಹುಟ್ಟಿಸುವ ಮ್ಯಾಗ್ನೆಟೋ ಸುರುಳಿಗಳನ್ನು ಹರಿದುಹಾಕುತ್ತದೆ. ಕೆಲಸ ಮುಗಿದ ಮೇಲೆ ಬಟ್ಟೆ ಎಣಿಸಿ ಹೊರತೆಗೆಯಿರಿ. ಬ್ರೇಕ್ ಪೆಡಲು ಪೂರ್ತಿ ಹಿಡಿದಾಗ ನೆಲದ ಹಲಗೆಗೂ ಅದಕ್ಕೂ ನಡುವೆ ಸುಮಾರು 2 ಇಂಚು ಉಳಿದಿರಬೇಕು. ಹಾಗೆಂದು ವಿಪರೀತ ಬಿಗಿದರೆ ಪಟ್ಟಿ ಸದಾ ಉಜ್ಜುತ್ತ ಸುಡುತ್ತದೆ.

ಕೈಬ್ರೇಕು ಹಿಂದಿನ ಚಕ್ರದೊಳಗಿನ ಸಣ್ಣ ಡ್ರಮ್ಮಿನಲ್ಲಿದೆ. 1925ರವರೆಗಿನ ಕಾರುಗಳಲ್ಲಿ ಅದರ ಶೂಗಳು ಬರೀ ಬೀಡುಕಬ್ಬಿಣ. ನಿಂತ ಕಾರನ್ನು ಹಿಡಿದಿಡಲು ಸಾಕು, ಓಡುವ ಕಾರನ್ನು ನಿಲ್ಲಿಸಲು ಸಾಲದು. ಲೈನಿಂಗ್ ಅಂಟಿಸಿದ ಶೂ ಹಾಕಿ. ಇದರ ಮೇಲೆ ಹಿಂದಿನ ಡ್ರಮ್ಮುಗಳನ್ನು ಹೊರಗಿನಿಂದ ಅಪ್ಪುವ ರಾಕಿ ಮೌಂಟನ್ ಮಾದರಿಯ ಪಟ್ಟಿಬ್ರೇಕು ಹಾಕಿಸುವುದು ಕೊಡಗಿಗೆ ಐಷಾರಾಮವಲ್ಲ, ಅಗತ್ಯ. ಆದರೆ ಅದಕ್ಕೂ ಒಂದು ಐಬಿದೆ: ಮುಂದಕ್ಕೆ ಹೋಗುವಾಗ ಗಟ್ಟಿಯಾಗಿ ಹಿಡಿಯುತ್ತದೆ, ಏರಿನಲ್ಲಿ ಕಾರು ಹಿಂದಕ್ಕೆ ಜಾರುವಾಗ ಹಿಡಿತ ತೀರ ಕಡಿಮೆ. ಆದ್ದರಿಂದ ಮರದ ಎರಡು ಅಡೆಗಳು ಸದಾ ಕಾರಿನಲ್ಲಿರಲಿ. ಜೊತೆಗೆ ಕೂರುವವರಿಗೆ, ಏರಿನಲ್ಲಿ ನಿಂತ ಕೂಡಲೇ ಇಳಿದು ಹಿಂದಿನ ಚಕ್ರಕ್ಕೆ ಅಡೆ ಕೊಡುವುದೇ ಅವರ ಕೆಲಸ ಎಂದು ಮೊದಲೇ ಹೇಳಿಡಿ.

ಚಕ್ರ, ಟೈರು, ಸ್ಟೀರಿಂಗು

ಮರದ ಸ್ಪೋಕುಗಳು ಹಿಕರಿ ಮರದವು, ಚಕ್ರಕ್ಕೆ 12. ನಮ್ಮ ಮಳೆಗೆ ಉಬ್ಬಿ, ಮಾರ್ಚಿನ ಬಿಸಿಲಿಗೆ ಕುಗ್ಗಿ, ಕೊನೆಗೆ ಬುಡದಲ್ಲಿ ಸಡಿಲವಾಗುತ್ತವೆ. ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ. ಟಿಕ್ ಎಂದರೆ, ಸ್ಪೋಕಿನ ಬುಡದಲ್ಲಿ ಬಣ್ಣ ಬಿರಿದು ತುಕ್ಕಿನ ಗೆರೆ ಇಳಿದಿದ್ದರೆ, ಚಾಕುವಿನ ತುದಿ ಮೆತ್ತಗೆ ಒಳಹೊಕ್ಕರೆ ಆ ಚಕ್ರ ರಸ್ತೆಗೆ ಬೇಡ. ಗಾಡಿಚಕ್ರದಂತೆ ಕೆರೆಯಲ್ಲಿ ನೆನೆಹಾಕಿದರೆ ಬಿಗಿಯಾಗುತ್ತದೆ ಎನ್ನುವವರು ಸಿಗುತ್ತಾರೆ. ಬಿಗಿಯಾಗುವುದು ನಿಜ, ಒಣಗಿದ ಮೇಲೆ ಮೊದಲಿಗಿಂತ ಸಡಿಲವಾಗುವುದೂ ಅಷ್ಟೇ ನಿಜ. ತೋಟದಲ್ಲಿ ಬೇಕಾದಷ್ಟಿದೆ ಎಂದು ಸಿಲ್ವರ್ ಓಕಿನಲ್ಲಿ ಸ್ಪೋಕು ಮಾಡಿಸಬೇಡಿ, ತಿರುವಿನ ಹೊರೆ ಅದು ತಾಳದು. ಬಾಡಿಯ ಒಳಚೌಕಟ್ಟಿಗೆ ತೇಗವೋ ಹಲಸೋ ನಡೆಯುತ್ತದೆ, ಮೊಳೆ ಹೊಡೆಯುವ ಮೊದಲು ಸಣ್ಣ ತೂತು ಕೊರೆದುಕೊಂಡರೆ ಸೀಳುವುದಿಲ್ಲ. ಗೆದ್ದಲು ಮೊದಲು ಹಿಡಿಯುವುದು ನೆಲಮಟ್ಟದ ಉದ್ದ ತೊಲೆಯನ್ನು. ತಗಡು ಚೆನ್ನಾಗಿ ಕಂಡರೂ ಬೆರಳಲ್ಲಿ ಬಡಿದು ಸದ್ದು ಕೇಳಿ.

ಹಳೆ ಮಾಡೆಲುಗಳಿಗೆ ಮುಂದೆ 30×3, ಹಿಂದೆ 30×3½ ಇಂಚಿನ ಕ್ಲಿಂಚರ್ ಟೈರು. ಇದರ ಅಂಚು ರಿಮ್ಮಿನ ಬಾಗಿದ ತುಟಿಯಲ್ಲಿ ಕಚ್ಚಿಕೊಂಡಿರುತ್ತದೆ, ಕಚ್ಚಿ ಹಿಡಿಯುವುದು ಗಾಳಿಯ ಒತ್ತಡ. 55ರಿಂದ 60 ಪಿಎಸ್‌ಐ ಬೇಕೇ ಬೇಕು. ಕುಲುಕುತ್ತದೆ ಎಂದು ಈಗಿನ ಕಾರಿನಂತೆ 30ಕ್ಕೆ ಇಳಿಸಿದರೆ ಟೈರು ರಿಮ್ಮಿನ ಮೇಲೆ ತೆವಳಿ ಟ್ಯೂಬಿನ ವಾಲ್ವು ಕೀಳುತ್ತದೆ, ಇಲ್ಲವೇ ಹೇರ್‌ಪಿನ್ ತಿರುವಿನಲ್ಲಿ ಟೈರೇ ಕಳಚಿ ಬೀಳುತ್ತದೆ. ರಿಮ್ಮಿನ ತುಟಿ ತುಕ್ಕು ತಿಂದು ತೆಳ್ಳಗಾಗಿದ್ದರೆ ಹೊಸ ಟೈರಿಗೆ ಹಾಕಿದ ದುಡ್ಡು ದಂಡ.

ಸ್ಟೀರಿಂಗಿನಲ್ಲಿ ಒಂದು ಪರೀಕ್ಷೆ ಸಾಕು, ಆದರೆ ಬಿಡಬಾರದು. ಮುಂದಿನ ಚಕ್ರಗಳನ್ನು ಎತ್ತಿ, ಸ್ಟೀರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ. ಸವೆದ ಕೀಲುಗಳಿದ್ದರೆ ಕೆಳಗಿನ ತೋಳು ಮಧ್ಯರೇಖೆ ದಾಟಿ ಆಚೆ ಮಗುಚಿಕೊಳ್ಳುತ್ತದೆ. ಆಮೇಲೆ ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಚಕ್ರ ವಾಪಸು ಬರದು. ಮಾಕುಟ್ಟದ ಹಾದಿಯ ತಿರುವುಗಳಲ್ಲಿ ಹಾಗಾದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಕೀಲು, ಬುಷ್ಷು, ಮುಂದಿನ ತ್ರಿಕೋನ ರಾಡಿನ ಹಿಂದುಗಡೆಯ ಗುಂಡುಕೀಲು ಎಲ್ಲವನ್ನೂ ಹೊಸದು ಮಾಡಿ.

ಪೆಟ್ರೋಲು, ನೀರು, ಎಣ್ಣೆ

ಈ ಕಾರಿಗೆ ಪೆಟ್ರೋಲ್ ಪಂಪಿಲ್ಲ. ಸೀಟಿನಡಿಯ 38 ಲೀಟರ್ ಟ್ಯಾಂಕಿನಿಂದ ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಕಾರ್ಬ್ಯುರೇಟರಿಗೆ ಇಳಿಯುತ್ತದೆ. ಕಡಿದಾದ ಏರಿನಲ್ಲಿ ಮೂಗು ಮೇಲಾದಾಗ ಕಾರ್ಬ್ಯುರೇಟರ್ ಟ್ಯಾಂಕಿನ ಮಟ್ಟಕ್ಕೇ ಬಂದುಬಿಡುತ್ತದೆ. ಟ್ಯಾಂಕು ಅರ್ಧಕ್ಕಿಂತ ಕೆಳಗಿದ್ದರೆ ಎಂಜಿನ್ ಕೆಮ್ಮಿ ಸಾಯುತ್ತದೆ. ಆ ಕಾಲದವರು ಕಾರು ತಿರುಗಿಸಿ ರಿವರ್ಸಿನಲ್ಲಿ ಏರು ಹತ್ತುತ್ತಿದ್ದುದು ಇದಕ್ಕೇ. ರಿವರ್ಸು ಸಣ್ಣ ಗೇರಿಗಿಂತಲೂ ಬಲವಾದದ್ದು ಎನ್ನುವುದೂ ಒಂದು ಕಾರಣ. ಬಸ್ಸುಗಳು ಓಡುವ ರಸ್ತೆಯಲ್ಲಿ ಇಂದು ಆ ಸಾಹಸ ಬೇಡ. ಕೋಲು ಅದ್ದಿ ನೋಡಿ, ಮುಕ್ಕಾಲು ಟ್ಯಾಂಕು ಇಲ್ಲದೆ ಘಾಟಿಗೆ ಹೋಗಬೇಡಿ. 1926–27ರ ಕಾರಿಗೆ ಈ ತಾಪತ್ರಯವಿಲ್ಲ.

ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡಲು ಸೂಜಿತೂತೊಂದಿದೆ. ನಿಂತ ಕಾರಿನಲ್ಲಿ ಅದನ್ನು ಕುಂಬಾರ ಹುಳ ಮಣ್ಣಿನಿಂದ ಮುಚ್ಚಿರುತ್ತದೆ. ಹತ್ತು ನಿಮಿಷ ಓಡಿ ನಿಂತು, ಮುಚ್ಚಳ ತೆಗೆದ ತಕ್ಷಣ ಮತ್ತೆ ಶುರುವಾದರೆ ಕಾರಣ ಹುಡುಕುತ್ತ ಕಾರ್ಬ್ಯುರೇಟರ್ ಬಿಚ್ಚಬೇಡಿ. ಇಂದಿನ ಪೆಟ್ರೋಲಿನಲ್ಲಿ 20% ಎಥೆನಾಲ್ ಇದೆ. ಹಳೆ ಕಾರ್ಬ್ಯುರೇಟರಿನ ತೇಲುಬೆಂಡು ಕಾರ್ಕಿನದಾದರೆ ಅದಕ್ಕೆ ಬಳಿದ ಅರಗು ಎಥೆನಾಲಿಗೆ ಕರಗಿ, ಕಾರ್ಕು ಪೆಟ್ರೋಲ್ ಹೀರಿ ಮುಳುಗುತ್ತದೆ. ಕಾರ್ಬ್ಯುರೇಟರ್ ತುಂಬಿ ಹರಿಯುತ್ತದೆ. ಹಿತ್ತಾಳೆಯ ಫ್ಲೋಟು ಹಾಕಿ. ಎಥೆನಾಲ್ ಗಾಳಿಯ ತೇವವನ್ನೂ ಹೀರುವುದರಿಂದ ಮಳೆಗಾಲಕ್ಕೆ ಟ್ಯಾಂಕು ಬರಿದುಮಾಡಿ.

ನೀರಿನ ಪಂಪೂ ಇಲ್ಲ. ಬಿಸಿನೀರು ಮೇಲೇರಿ ತಣ್ಣೀರು ಕೆಳಗಿಳಿದು ತಾನಾಗಿ ಸುತ್ತುತ್ತದೆ. ಮೇಲಿನ ಹೋಸಿನ ಬಾಯಿಗಿಂತ ನೀರು ಕೆಳಗಿಳಿದರೆ ಆ ಸುತ್ತು ನಿಂತು ಕುದಿಯಲು ಹತ್ತುತ್ತದೆ. ಒಟ್ಟು ಸುಮಾರು 11 ಲೀಟರ್ ಹಿಡಿಯುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಬೇಡ. ಸೂರಿನ ಮಳೆನೀರು ನಮಗೇನು ಬರವೇ, ಬಟ್ಟೆಯಲ್ಲಿ ಸೋಸಿ ತುಂಬಿ. ಸ್ಪಾರ್ಕ್ ಸನ್ನೆಯನ್ನು ಮೇಲೆಯೇ ಬಿಟ್ಟು ಏರು ಹತ್ತಿದರೂ ಕುದಿಯುತ್ತದೆ, ಬೈಗುಳ ಮಾತ್ರ ರೇಡಿಯೇಟರಿಗೆ.

ಎಂಜಿನ್ ಎಣ್ಣೆ 10ಡಬ್ಲ್ಯು-30, ಸುಮಾರು 3.8 ಲೀಟರ್. ಫ್ಲೈವೀಲ್ ಪೆಟ್ಟಿಗೆಯ ಹಿಂದೆ ಮೇಲೊಂದು ಕೆಳಗೊಂದು ಪುಟ್ಟ ನಲ್ಲಿಗಳಿವೆ. ಕೆಳಗಿನದರಲ್ಲಿ ಎಣ್ಣೆ ಬರಲೇಬೇಕು, ಮೇಲಿನದರಲ್ಲಿ ಹನಿಯುವಷ್ಟಿದ್ದರೆ ಭರ್ತಿ. ಬಯಲಿನಲ್ಲಿ ಎರಡರ ನಡುವೆ ಇದ್ದರೆ ಸಾಕು ಎನ್ನುತ್ತಾರೆ. ಇಲ್ಲಿ ಮೇಲಿನ ನಲ್ಲಿಯ ಮಟ್ಟ ಕಾಪಾಡಿ. ಏರಿನಲ್ಲಿ ಎಣ್ಣೆಯೆಲ್ಲ ಹಿಂದಕ್ಕೆ ಹರಿದು ಮುಂದಿನ ಒಂದನೇ ಬೇರಿಂಗ್ ಒಣಗುತ್ತದೆ. ಅಲ್ಲಿಗೆ ಎಣ್ಣೆ ಒಯ್ಯುವುದು ಒಂದೇ ಒಂದು ಸಣ್ಣ ಕೊಳವೆ, ಹತ್ತಿಪಟ್ಟಿಯ ನಾರು ಸೇರಿದರೆ ಅದೂ ಕಟ್ಟಿಕೊಳ್ಳುತ್ತದೆ. ಎಣ್ಣೆಗೆ ಫಿಲ್ಟರ್ ಇಲ್ಲದ ಎಂಜಿನ್, 800 ಕಿ.ಮೀ.ಗೊಮ್ಮೆ ಬದಲಿಸಿ.

ಕಾಯಿಲ್ ಪೆಟ್ಟಿಗೆ ಮತ್ತು ತೇವ

ಒಳಗೆ ಮರವಿರುವ ಒಂದು ಪೆಟ್ಟಿಗೆಯಲ್ಲಿ ಸ್ಪಾರ್ಕು ಹುಟ್ಟಿಸುವ ನಾಲ್ಕು ಕಾಯಿಲುಗಳು ಜೇನಿನಂತೆ ಗುಂಯ್ಗುಡುತ್ತವೆ, ಸಿಲಿಂಡರಿಗೊಂದು. ಹೊತ್ತುವ ಸರದಿ 1-2-4-3. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ. ಆ ತೇವಕ್ಕೆ ಪೆಟ್ಟಿಗೆಯ ಮರವೇ ನೀರು ಹೀರಿ, ಸ್ಪಾರ್ಕು ಪ್ಲಗ್ಗಿಗೆ ಹೋಗುವ ಬದಲು ಮರದೊಳಗೆ ಹರಿಯುತ್ತದೆ. ಬೇಸಿಗೆಯಲ್ಲಿ ಸೊಗಸಾಗಿ ಓಡಿದ ಕಾರು ಜುಲೈನಲ್ಲಿ ಎರಡು ಸಿಲಿಂಡರಿನಲ್ಲಿ ಕುಂಟುವುದು ಇದರಿಂದಲೇ. ಕತ್ತಲಲ್ಲಿ ಮುಚ್ಚಳ ತೆರೆದು ನೋಡಿ, ನೀಲಿ ಎಳೆಗಳು ಮರದ ಮೇಲೆ ಹರಿದಾಡುವುದು ಕಾಣುತ್ತದೆ. ಬಿಸಿಲಿಗಿಟ್ಟರೆ ನಾಲ್ಕು ದಿನದ ಪರಿಹಾರ. ಒಳಗಿನ ಮರದ ಭಾಗಗಳನ್ನು ಪ್ಲಾಸ್ಟಿಕ್ಕಿನವುಗಳಿಗೆ ಬದಲಿಸುವುದೇ ಸರಿ. ಕಾಯಿಲಿನೊಳಗಿನ ಹಳೆ ಕಾಗದದ ಕೆಪ್ಯಾಸಿಟರ್ ಎಂದೋ ಸತ್ತಿರುತ್ತದೆ, ಅದನ್ನೂ ಬದಲಿಸಿ. ಪಾಯಿಂಟಿನ ಅಂತರ, ಪ್ಲಗ್ಗಿನ ಅಂತರ ಎರಡೂ ಸುಮಾರು 0.8 ಮಿ.ಮೀ.

ಗೇರ್‌ಪೆಟ್ಟಿಗೆಯ ಮೇಲಿನ ಮ್ಯಾಗ್ನೆಟೋ ತುದಿಗೆ ಬ್ಯಾಟರಿಯ ತಂತಿ ಯಾವ ಕಾರಣಕ್ಕೂ ತಾಗಬಾರದು. ತಾಗಿದರೆ ಫ್ಲೈವೀಲಿನ 16 ಅಯಸ್ಕಾಂತಗಳ ಬಲ ಹೋಗುತ್ತದೆ, ಮತ್ತೆ ಬಲ ತುಂಬಲು ದೊಡ್ಡ ಕೆಲಸ.

ಹ್ಯಾಂಡಲ್ ಹೊಡೆಯುವುದು

ಎಂಜಿನ್ ಹಿಡಿದುಕೊಂಡಿದ್ದರೆ ನಾಲ್ಕೂ ಪ್ಲಗ್ ತೂತಿಗೆ ಎಟಿಎಫ್ (ಆಟೊಮ್ಯಾಟಿಕ್ ಗೇರಿನ) ಎಣ್ಣೆ, ಅಸಿಟೋನ್ ಸಮಸಮ ಬೆರೆಸಿ 50 ಮಿ.ಲೀ. ಹಾಕಿ ಒಂದು ವಾರ ಬಿಡಿ. ಹ್ಯಾಂಡಲಿಗೆ ಪೈಪು ಸಿಕ್ಕಿಸಿ ಬಲಪ್ರಯೋಗ ಮಾಡಿದರೆ ಮುರಿಯುವುದು ಪಿಸ್ಟನ್ನೋ ವಾಲ್ವೋ. ವಾರವಾದರೂ ಬಿಡದಿದ್ದರೆ 15 ಬೋಲ್ಟು ತೆಗೆದು ಹೆಡ್ಡು ಎತ್ತುವುದೇ ದಾರಿ.

ಶುರುಮಾಡುವ ಮೊದಲು ಕೈಬ್ರೇಕಿನ ಸನ್ನೆ ಪೂರ್ತಿ ಹಿಂದಕ್ಕೆ (ಆಗ ಎಡಪೆಡಲು ಒತ್ತದಿದ್ದರೂ ಗೇರು ನ್ಯೂಟ್ರಲ್ಲಿನಲ್ಲಿರುತ್ತದೆ), ಚಕ್ರಗಳಿಗೆ ಅಡೆ. ಸ್ಪಾರ್ಕಿನ ಸನ್ನೆ ಪೂರ್ತಿ ಮೇಲೆ. ಇದನ್ನು ಎರಡು ಸಲ ನೋಡಿ: ಸನ್ನೆ ಕೆಳಗಿದ್ದರೆ ಎಂಜಿನ್ ತಿರುಗಿ ಒದೆಯುತ್ತದೆ, ಮಣಿಕಟ್ಟು ಮುರಿಯುತ್ತದೆ. ಪೆಟ್ರೋಲ್ ಸನ್ನೆ ನಾಲ್ಕೈದು ಹಲ್ಲು ಕೆಳಗೆ. ಸ್ವಿಚ್ ಆಫ್ ಇರುವಾಗಲೇ ರೇಡಿಯೇಟರಿನ ಪಕ್ಕದ ಚೋಕ್ ತಂತಿ ಎಳೆದು ಹಿಡಿದು ಮೂರು ನಾಲ್ಕು ಸಲ ಕಾಲು ಸುತ್ತು ತಿರುಗಿಸಿ. ಚೋಕ್ ಬಿಟ್ಟು, ಸ್ವಿಚ್ ಹಾಕಿ, ಎಡಗೈಯಲ್ಲಿ ಹ್ಯಾಂಡಲ್ ಹಿಡಿಯಿರಿ. ಹೆಬ್ಬೆರಳು ಉಳಿದ ಬೆರಳುಗಳ ಕಡೆಗೇ ಇರಲಿ, ಸುತ್ತಿ ಹಿಡಿಯಬೇಡಿ. ಕೆಳಗಿನಿಂದ ಮೇಲಕ್ಕೆ ಒಂದೇ ಎಳೆತ. ಮೇಲಿನಿಂದ ಕೆಳಕ್ಕೆ ಒತ್ತುವುದು ಎಂದೆಂದಿಗೂ ಬೇಡ. ಹೊತ್ತಿದ ಕೂಡಲೇ ಸ್ಪಾರ್ಕ್ ಸನ್ನೆ ಕೆಳಗಿಳಿಸಿ.

ಡಿಸೆಂಬರಿನ ಚಳಿ ಬೆಳಗ್ಗೆ ಇನ್ನೊಂದು ಅಪಾಯ ಕಾದಿರುತ್ತದೆ. ಎಣ್ಣೆ ಗಟ್ಟಿಯಾಗಿ ಕ್ಲಚ್ಚಿನ ಬಿಲ್ಲೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ನ್ಯೂಟ್ರಲ್ಲಿನಲ್ಲಿದ್ದರೂ ಕಾರು, ಹೊತ್ತಿದ ತಕ್ಷಣ, ಹ್ಯಾಂಡಲ್ ಹಿಡಿದವರ ಮೇಲೆಯೇ ತೆವಳಿ ಬರುತ್ತದೆ. ಕಾರಿಗೂ ಗೋಡೆಗೂ ನಡುವೆ ನಿಂತು ಹ್ಯಾಂಡಲ್ ಹೊಡೆಯಬೇಡಿ. ಹಿಂದಿನ ಒಂದು ಚಕ್ರ ಜಾಕಿಯಲ್ಲಿ ಎತ್ತಿ, ಉಳಿದ ಮೂರಕ್ಕೆ ಅಡೆ ಕೊಟ್ಟು, ಕೈಬ್ರೇಕಿನ ಸನ್ನೆ ಮುಂದಕ್ಕೆ ತಳ್ಳಿ ಶುರುಮಾಡುವುದು ಹಳೆಯ ಉಪಾಯ, ಸುಲಭವಾಗಿಯೂ ಹೊತ್ತುತ್ತದೆ. ಜಾಕಿ ಮಾತ್ರ ಗಟ್ಟಿ ನೆಲದ ಮೇಲಿರಲಿ.

ಕಾರ್ಬ್ಯುರೇಟರಿನ ಸೂಜಿಯನ್ನು ಮೆತ್ತಗೆ ಮುಚ್ಚಿ ಒಂದೂಕಾಲು ಸುತ್ತು ತೆರೆದರೆ ಶುರುವಿಗೆ ಸಾಕು. ಮಡಿಕೇರಿಯ ಎತ್ತರದಲ್ಲಿ ಗಾಳಿ ತೆಳು, ಸುಮಾರು ಅರೆಕಾಲು ಸುತ್ತು ಮುಚ್ಚಬೇಕಾದೀತು. ಸುಳ್ಯದ ಕಡೆ ಇಳಿದ ಮೇಲೆ ಮತ್ತೆ ಅಷ್ಟೇ ತೆರೆಯಿರಿ.

ಇಳಿಯುವಾಗ

ಮೊದಲ ಓಟ ಕುಶಾಲನಗರದ ಸಮತಟ್ಟು ರಸ್ತೆಯಲ್ಲಿ ಆಗಲಿ, ಬೆಳಗ್ಗೆ ಬೇಗ. ಘಾಟಿಗೆ ಬಂದರೆ, ಇಳಿಜಾರು ಶುರುವಾಗುವ ಮೊದಲೇ ನಿಂತು ಸಣ್ಣ ಗೇರು ಹಿಡಿಯಿರಿ. ವೇಗ ಹತ್ತಿದ ಮೇಲೆ ಹಿಡಿಯಹೋದರೆ ಪಟ್ಟಿ ಜಾರಿ ಸುಡುತ್ತದೆ. ಪೆಟ್ರೋಲ್ ಸನ್ನೆ ಮೇಲೆ, ಎಡಗಾಲು ಒತ್ತಿಯೇ ಇರಬೇಕು, ವೇಗ ಗಂಟೆಗೆ 15 ಕಿ.ಮೀ. ಮೀರಬಾರದು. ಬ್ರೇಕೊಂದನ್ನೇ ತುಳಿಯುತ್ತ ಹೋಗದೆ ಬ್ರೇಕ್ ಪೆಡಲನ್ನೂ ರಿವರ್ಸ್ ಪೆಡಲನ್ನೂ ಸರದಿಯಲ್ಲಿ ಮೆತ್ತಗೆ ಒತ್ತಿ. ರಿವರ್ಸ್ ಪಟ್ಟಿಯೂ ಮುಂದೆ ಹೋಗುವ ಕಾರನ್ನು ತಡೆಯುತ್ತದೆ, ಕಾವು ಎರಡಕ್ಕೂ ಹಂಚಿಹೋಗುತ್ತದೆ. ಕಾಲು ನೋವೆಂದು ಎಡಪೆಡಲನ್ನು ಅರ್ಧಕ್ಕೆ ಬಿಟ್ಟರೆ ನ್ಯೂಟ್ರಲ್, ಎಂಜಿನ್ನಿನ ತಡೆ ತಪ್ಪಿ ಕಾರು ಹಾರುತ್ತದೆ. ಪ್ರತಿ 2 ಕಿ.ಮೀ.ಗೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ಕಾಲಿಗೂ ಪಟ್ಟಿಗೂ ವಿರಾಮ ಕೊಡಿ. ಮಳೆ ಬಿದ್ದ ರಸ್ತೆಯಲ್ಲಿ ಈ ಕಾರು ಬೇಡವೇ ಬೇಡ.

ಕಾಗದಪತ್ರದ ಮಾತು ಚಿಕ್ಕದು. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ, ಮೂಲರೂಪ ಕೆಡಿಸದ ಕಾರನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ, ನವೀಕರಣಕ್ಕೆ 5,000. ನಂಬರಿನಲ್ಲಿ ರಾಜ್ಯದ ಅಕ್ಷರಗಳ ನಂತರ 'ವಿಎ' ಬರುತ್ತದೆ. ರ‍್ಯಾಲಿ, ಪ್ರದರ್ಶನ, ಪೆಟ್ರೋಲ್, ರಿಪೇರಿ ಇಂಥವಕ್ಕೆ ಓಡಿಸಬಹುದು, ದಿನದ ಓಡಾಟಕ್ಕೂ ಬಾಡಿಗೆಗೂ ಇಲ್ಲ. ಹಳೆಯ ನಂಬರು ಇದ್ದರೆ ಅದನ್ನೇ ಉಳಿಸಿಕೊಳ್ಳಬಹುದು. ಹಾಗಾಗಿ ಅಟ್ಟದ ಮೇಲಿನ ಹಳೆ ಕಾಗದಗಳನ್ನು ಎಸೆಯುವ ಮೊದಲು ಒಮ್ಮೆ ಓದಿ.

ಜೂನಿನಿಂದ ಸೆಪ್ಟೆಂಬರಿನ ಕೈಲ್‌ಪೋಳ್ದ್ ಹಬ್ಬ ದಾಟುವವರೆಗೆ ಕಾರು ಕಲ್ಲಿನ ದಿಂಡುಗಳ ಮೇಲೆ ನಿಲ್ಲಲಿ, ಟೈರು ನೆಲಕ್ಕೆ ತಾಗದಂತೆ. ಟಾರ್ಪಾಲು ನೇರವಾಗಿ ಹೊದಿಸಿದರೆ ಅಡಿಯಲ್ಲೇ ಬೆವರಿ ಬೂಷ್ಟು ಹಿಡಿಯುತ್ತದೆ, ಹತ್ತಿಯ ಹಳೆ ಸೀರೆ ಅದಕ್ಕಿಂತ ಮೇಲು. ಟಾಪನ್ನು ಬಿಚ್ಚಿ ಎಳೆದೇ ಇಡಿ, ಮಡಚಿಟ್ಟರೆ ಮಡಿಕೆಯಲ್ಲೇ ಕೊಳೆಯುತ್ತದೆ. ಸೀಟಿನ ಕುದುರೆಕೂದಲೊಳಗೆ ಇಲಿ ಗೂಡು ಮಾಡದಂತೆ ಮೆತ್ತೆ ತೆಗೆದು ಮನೆಯೊಳಗಿಡಿ, ಕಾಯಿಲುಗಳನ್ನೂ ಒಲೆಮನೆಯ ಬೆಚ್ಚನೆ ಮೂಲೆಗೆ ತನ್ನಿ. ಎಂಜಿನ್ನನ್ನು ಎರಡು ನಿಮಿಷ ಓಡಿಸಿ ನಿಲ್ಲಿಸುವ ಅಭ್ಯಾಸ ಬೇಡ, ಅದರಿಂದ ಒಳಗೆ ನೀರು ಕೂರುತ್ತದೆ. ವಾರಕ್ಕೊಮ್ಮೆ ಹ್ಯಾಂಡಲಿನಲ್ಲಿ ಎರಡು ಸುತ್ತು ತಿರುಗಿಸಿದರೆ ಸಾಕು. ಸ್ಪೋಕುಗಳಿಗೆ ಅಗಸೆ ಎಣ್ಣೆ ಬಳಿದಿದ್ದರೆ ಆ ಬಟ್ಟೆಯನ್ನು ಮುದ್ದೆಮಾಡಿ ಶೆಡ್ಡಿನ ಮೂಲೆಗೆ ಎಸೆಯಬೇಡಿ. ತಾನಾಗಿ ಕಾದು ಹೊತ್ತಿಕೊಳ್ಳುವ ಗುಣ ಅದಕ್ಕಿದೆ. ನೀರಲ್ಲಿ ಅದ್ದಿ, ಅಂಗಳದಲ್ಲಿ ಹರಡಿ ಒಣಗಿಸಿ.